ನೀರಡಿಕೆ ಮತ್ತು ತೃಷ್ಣೆ

ಬಾಯಾರಿಕೆಗೆ ನಮ್ಮ ವಿಜಯಪುರದ ಸೀಮೆಯಲ್ಲಿ ನೀರಡಿಕೆ ಎಂಬ ಮಾತು ಬಳಕೆಯಲ್ಲಿದೆ. ಈ ಮಾತನ್ನು ಕಟ್ಟಿದವರು ಬಲು ಜಾಣರಿರಬೇಕು. ಬಾಯಾರಿಕೆ ಎಂದರೆ ಬಾಯಿ ಆರಿತೆಂಬಷ್ಟೇ ತಿಳಿಯುತ್ತದೆ. ಆರಿದ ಬಾಯಿಗೆ ಏನು ಬೇಕೆಂಬುದನ್ನು ಆ ಶಬ್ದ ಹೇಳುವುದಿಲ್ಲ. ನೀರಡಿಕೆಯಲ್ಲಾದರೋ ಬೇನೆಯೂ ಮದ್ದೂ ಒಂದೇ ಪದದೊಳಗೆ ಕೂಡಿಕೊಂಡಿವೆ. ಬೇಕಾದದ್ದು ನೀರು, ಮತ್ತೊಂದಲ್ಲ. ಸಂಸ್ಕೃತದವರು ಇದನ್ನು ತೃಷೆ ಎಂದರು. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಮಾತು ತೃಷ್ಣೆ. ಮೊದಮೊದಲು ಎರಡಕ್ಕೂ ಅರ್ಥ ಒಂದೇ ಇತ್ತು. ಬರಬರುತ್ತ ಒಂದು ಗಂಟಲಲ್ಲಿ ಉಳಿಯಿತು, ಇನ್ನೊಂದು ಮನಸ್ಸಿನಲ್ಲಿ ಮನೆ ಮಾಡಿತು. ಬುದ್ಧನು ದುಃಖದ ಮೂಲವೆಂದು ಬೆರಳು ತೋರಿಸಿದ ತಣ್ಹಾ ಈ ಎರಡನೆಯದೇ. ತೃಷೆಗೆ ಕೊನೆಯುಂಟು, ಒಂದು ತಂಬಿಗೆ ನೀರು ಕುಡಿದರೆ ಅದು ತೀರುತ್ತದೆ. ತೃಷ್ಣೆಗೆ ಕೊನೆಯೆಂಬುದಿಲ್ಲ. ಇವೆರಡನ್ನೂ ಒಂದೆಂದು ನಂಬಿಸಿ ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವ ವ್ಯಾಪಾರವೊಂದು ಈಗ ಊರೂರಿನಲ್ಲಿ ಬೆಳೆದು ನಿಂತಿದೆ. ತಂಪು ಪಾನೀಯಗಳ ವ್ಯಾಪಾರವೆಂದು ಅದಕ್ಕೆ ಹೆಸರು.

ಚೈತ್ರ ವೈಶಾಖಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿಯನ್ನು ದಾಟುವುದು ಹೊಸ ಸುದ್ದಿಯೇನಲ್ಲ. ಆ ದಿನಗಳಲ್ಲಿ ತಿಕೋಟಾದ ರಸ್ತೆಯಲ್ಲಾಗಲಿ ಬಬಲೇಶ್ವರದ ಬಜಾರದಲ್ಲಾಗಲಿ ನಡೆದು ನೋಡಿರಿ. ಬೀಡಿ-ಅಡಿಕೆಯ ಸಣ್ಣ ಅಂಗಡಿಯಲ್ಲಿಯೂ ಗಾಜಿನ ಬಾಗಿಲಿನ ಫ್ರಿಜ್ಜು. ಅದರೊಳಗೆ ಕರಿದು, ಹಳದಿ, ಹಸಿರು, ಕಿತ್ತಳೆ ಬಣ್ಣದ ಬಾಟಲಿಗಳ ಸಾಲು. ಬೇವಿನ ಮರದ ಕೆಳಗೆ ಉಸುಕಿನ ಮೇಲೆ ಹರವಿಯನ್ನಿಟ್ಟು, ಒದ್ದೆ ಅರಿವೆ ಸುತ್ತಿ, ಹೋಗಿಬರುವವರಿಗೆಲ್ಲ ಕರೆದು ನೀರು ಕೊಡುವ ಅರವಟ್ಟಿಗೆಗಳು ಎಲ್ಲೋ ಒಂದೊಂದು ಉಳಿದಿವೆ. ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಅರವಟ್ಟಿಗೆಗೆಂದು ಬಿಟ್ಟ ದತ್ತಿಗಳ ಉಲ್ಲೇಖ ಬರುತ್ತದೆ. ದಾರಿಹೋಕನಿಗೆ ನೀರು ಕೊಡುವುದು ಕಲ್ಲಿನ ಮೇಲೆ ಕೆತ್ತಿಸಿ ಕಾಪಾಡಬೇಕಾದ ಧರ್ಮವೆಂದು ಆ ಜನ ತಿಳಿದಿದ್ದರು.

ಈ ವಿಷಯವನ್ನು ಆರೋಗ್ಯದ ಅಂಕಣಕ್ಕೆ ಬಿಟ್ಟುಕೊಟ್ಟು ಸುಮ್ಮನಿರಬಹುದಿತ್ತು. ಕುಡಿಯಬಾರದೆಂದು ವೈದ್ಯರು ಹೇಳುತ್ತಲೇ ಇದ್ದಾರೆ, ಜನ ಕುಡಿಯುತ್ತಲೇ ಇದ್ದಾರೆ. ನನ್ನನ್ನು ಕಾಡುವುದು ಕುಡಿಯುವವನ ಪ್ರಶ್ನೆಗಿಂತ ಹೆಚ್ಚಾಗಿ ಕೊಡುವವನ ಪ್ರಶ್ನೆ. ಕೇಡೆಂದು ಗೊತ್ತಿದ್ದ ಒಂದು ವಸ್ತುವನ್ನು ಪ್ರೀತಿಯಿಂದ ಕೊಟ್ಟರೆ ಅದು ಪ್ರೀತಿಯಾಗಿಯೇ ಉಳಿಯುತ್ತದೆಯೇ? ಉಪಚಾರವೆಂಬುದು ಎಲ್ಲಿ ಮುಗಿಯುತ್ತದೆ, ಅಪಚಾರವೆಂಬುದು ಎಲ್ಲಿ ಆರಂಭವಾಗುತ್ತದೆ?

ತಿಕೋಟಾದ ಹತ್ತಿರದ ಹಳ್ಳಿಯೊಂದರಲ್ಲಿ ನಡೆದ ಒಂದು ಮದುವೆಗೆ ಹೋಗಿದ್ದೆ. ಸುಡುಬಿಸಿಲು, ಹಂದರದ ಕೆಳಗೆ ಕಾಲಿಡಲು ಜಾಗವಿಲ್ಲ. ಬೀಗರನ್ನು ಎದುರುಗೊಳ್ಳುವ ಹುಡುಗರು ದೊಡ್ಡ ತೊಟ್ಟಿಯಲ್ಲಿ ಬರ್ಫ ಹಾಕಿ ಬಾಟಲಿಗಳನ್ನು ತಣಿಸಿಟ್ಟಿದ್ದರು. ಬಂದವರ ಕೈಗೆಲ್ಲ ಒಂದೊಂದು ಕೊಡುತ್ತಿದ್ದರು. ನನ್ನ ಪಕ್ಕದಲ್ಲಿ ಕುಳಿತ ಒಬ್ಬ ಮುದುಕಿ ನೀರು ಕೇಳಿದಳು. ಹುಡುಗ ಓಡಿಹೋಗಿ ಕರಿಯ ಬಾಟಲಿಯೊಂದನ್ನು ತಂದು ಮುಚ್ಚಳ ತಿರುವಿ ಕೊಟ್ಟ.

"ತಮ್ಮಾ, ನಾ ನೀರ ಕೇಳಿದ್ನೆಪಾ" ಎಂದಳು ಆಕೆ.

"ಕುಡೀರಿ ಆಯಿ, ತಣ್ಣಂದೈತಿ. ನೀರಿನಕಿಂತ ಛಲೋ" ಎಂದು ಹುಡುಗ ನಕ್ಕ.

ಆಕೆ ಎರಡು ಗುಟುಕು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ತನಗೆ ಸಕ್ಕರೆ ಬೇನೆಯುಂಟೆಂದು ಆಮೇಲೆ ನನಗೆ ಹೇಳಿದಳು. ಹಾಗಾದರೆ ಯಾಕೆ ಕುಡಿದಿರಿ ಎಂದು ಕೇಳಿದರೆ, "ಹುಡುಗ ಮುಚ್ಚಳಾ ತಗದ ಕೊಟ್ಟೈತಿ. ಒಲ್ಲೆ ಅಂದ್ರ ಬ್ಯಾಸರ ಮಾಡ್ಕೊಂತೈತಿ" ಎಂದಳು.

ಆ ಹುಡುಗನಲ್ಲಿ ಎಳ್ಳಷ್ಟೂ ಕೇಡಿರಲಿಲ್ಲ; ಮುದುಕಿಯಲ್ಲಿ ಎಳ್ಳಷ್ಟೂ ಚಪಲವಿರಲಿಲ್ಲ. ಕೊಟ್ಟದ್ದೂ ಪ್ರೀತಿ, ತೆಗೆದುಕೊಂಡದ್ದೂ ಪ್ರೀತಿ. ಇಬ್ಬರ ನಡುವೆ ಕೈ ಬದಲಾದ ವಸ್ತು ಮಾತ್ರ ಪ್ರೀತಿಯದಾಗಿರಲಿಲ್ಲ. ಒಳ್ಳೆಯವರಿಬ್ಬರು ಸೇರಿ ಕೆಟ್ಟದ್ದೊಂದನ್ನು ನಡೆಸಬಹುದೆಂಬುದೇ ಈ ಕಾಲದ ನೀತಿಶಾಸ್ತ್ರದ ತೊಡಕು. ಹಳೆಯ ನೀತಿಕಥೆಗಳಲ್ಲಿ ವಿಷವಿಕ್ಕುವವನು ದುಷ್ಟನಾಗಿರುತ್ತಿದ್ದ. ಆತನನ್ನು ಗುರುತಿಸುವುದು ಸುಲಭವಾಗಿತ್ತು.

ಬಾಟಲಿಯಲ್ಲಿರುವುದನ್ನು ವಿಷವೆಂದು ನಾನು ಕರೆಯುವುದಿಲ್ಲ. ಅತಿಶಯದ ಮಾತು ಸತ್ಯಕ್ಕೆ ಉಪಕಾರ ಮಾಡುವುದಿಲ್ಲ. ಅದರಲ್ಲಿ ಇರುವುದೇನೆಂಬುದನ್ನು ಲೆಕ್ಕವಾಗಿಯೇ ನೋಡೋಣ. ಸಾಮಾನ್ಯ ಕೋಲಾ ಪಾನೀಯದಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿಲೀಟರಿನ ಸಣ್ಣ ಬಾಟಲಿಯೆಂದರೆ 25 ಗ್ರಾಂ. ಚಹದ ಚಮಚೆಯಲ್ಲಿ ಐದಾರು ಚಮಚೆ. ಮನೆಯಲ್ಲಿ ಒಂದು ಕಪ್ಪು ಚಹಕ್ಕೆ ಆರು ಚಮಚೆ ಸಕ್ಕರೆ ಹಾಕಿದರೆ ನಾವು ಅದನ್ನು ಮೋರಿಗೆ ಚೆಲ್ಲುತ್ತೇವೆ. ಬಾಟಲಿಯದು ಹಾಗೆ ಮುಖಕ್ಕೆ ಹೊಡೆಯುವುದಿಲ್ಲ. ಏಕೆಂದರೆ ಅದರಲ್ಲಿ ಹುಳಿಯನ್ನೂ ಬೆರೆಸಿರುತ್ತಾರೆ, ಮೇಲೆ ಮಂಜಿನಂಥ ತಂಪು, ಇಂಗಾಲಾಮ್ಲದ ಚುರುಚುರು. ಸಿಹಿಯನ್ನು ಹುಳಿಯ ಮರೆಯಲ್ಲಿ ಅಡಗಿಸಿ ನಾಲಗೆಯ ಕಾವಲುಗಾರನನ್ನು ದಾಟಿಸುವ ಉಪಾಯ ಅದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸೂಚನೆಯಂತೆ ಬೇರೆಯಾಗಿ ಬೆರೆಸಿದ ಸಕ್ಕರೆ ದಿನದ ಒಟ್ಟು ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲಿಗಿಂತ ಕಡಿಮೆಯಿರಬೇಕು. ಇಪ್ಪತ್ತರಲ್ಲೊಂದಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಈ ಎರಡನೆಯ ಲೆಕ್ಕವೆಂದರೆ ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ. ಒಂದು ಸಣ್ಣ ಬಾಟಲಿಯಲ್ಲಿ ದಿನದ ಪಾಲು ಮುಗಿದುಹೋಯಿತು. ಚಹ, ಬಿಸ್ಕೀಟು, ಹಬ್ಬದ ಹೋಳಿಗೆ ಎಲ್ಲವೂ ಅದರ ಮೇಲಿನ ಸಾಲ.

ಇನ್ನೊಂದು ಸಂಗತಿಯುಂಟು. ತಿಂದ ಅನ್ನ ಹೊಟ್ಟೆಗೆ ಸಾಕೆಂದು ಹೇಳಿಸುವಂತೆ ಕುಡಿದ ಸಕ್ಕರೆ ಹೇಳಿಸುವುದಿಲ್ಲ. ಎರಡು ರೊಟ್ಟಿ ತಿಂದವನು ಮೂರನೆಯದಕ್ಕೆ ಕೈ ಅಡ್ಡ ಹಿಡಿಯುತ್ತಾನೆ. ಒಂದು ಬಾಟಲಿ ಕುಡಿದವನು ಊಟವನ್ನು ಎಂದಿನಂತೆಯೇ ಮಾಡುತ್ತಾನೆ. ಮೈ ಭಾರವಾಗುವುದೂ ಯಕೃತ್ತಿನಲ್ಲಿ ಕೊಬ್ಬು ಸೇರುವುದೂ ಮಧುಮೇಹ ಹತ್ತಿರವಾಗುವುದೂ ಹೀಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು ನಮ್ಮಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಅದಕ್ಕೆಲ್ಲ ಬಾಟಲಿಯೊಂದೇ ಕಾರಣವೆಂದರೆ ಅನ್ಯಾಯವಾದೀತು. ಆದರೆ ಆ ಬೆಂಕಿಗೆ ಅದು ಸೌದೆ ಹೊರುತ್ತಿದೆಯೆಂಬುದರಲ್ಲಿ ಸಂದೇಹವಿಲ್ಲ. ಹಲ್ಲಿನ ಕಥೆ ಬೇರೆ. ಬಾಯಿಯ ಹುಳಿ ಒಂದು ಮಿತಿಗಿಂತ ಹೆಚ್ಚಾದರೆ ಹಲ್ಲಿನ ಮೇಲಣ ಗಟ್ಟಿ ಹೊದಿಕೆ ಕರಗತೊಡಗುತ್ತದೆ. ಕೋಲಾದ ಹುಳಿ ಆ ಮಿತಿಯನ್ನು ಎಷ್ಟೋ ಪಾಲು ಮೀರಿದ್ದು.

ಸಕ್ಕರೆಯಿಲ್ಲದ ಬಾಟಲಿಗಳೂ ಬಂದಿವೆಯಲ್ಲ ಎನ್ನುವವರುಂಟು. ತೂಕ ಇಳಿಸುವುದಕ್ಕೆಂದು ಇಂಥ ಕೃತಕ ಸಿಹಿಗಳನ್ನು ನೆಚ್ಚಿಕೊಳ್ಳಬೇಡಿರೆಂದು ಅದೇ ವಿಶ್ವ ಸಂಸ್ಥೆ 2023ರಲ್ಲಿ ಹೇಳಿತು. ವಿಜ್ಞಾನದ ಮಾತು ಹಾಗಿರಲಿ. ಇಲ್ಲದ ಸಿಹಿಯನ್ನು ಇದೆಯೆಂದು ನಾಲಗೆಗೆ ತೋರಿಸುವ ಈ ಏರ್ಪಾಡಿನಲ್ಲಿ ಸಕ್ಕರೆ ಹೋಯಿತೇ ಹೊರತು ತೃಷ್ಣೆ ಎಲ್ಲಿಯೂ ಹೋಗಲಿಲ್ಲ.

ಈ ಪಾನೀಯದ ಚರಿತ್ರೆಯಲ್ಲಿ ನಮ್ಮ ಕನ್ನಡ ನಾಡಿಗೂ ಒಂದು ಪುಟ ಸೇರಿದೆ. ನೀರಿಗೆ ಗಾಳಿ ಬೆರೆಸುವ ವಿದ್ಯೆಯನ್ನು 1767ರ ಸುಮಾರಿಗೆ ಕಂಡುಹಿಡಿದವನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ. ಗೋಲಿ ಸೋಡಾದ ಬಾಟಲಿಯನ್ನು ಹೈರಮ್ ಕಾಡ್ ಎಂಬವನು 1872ರಲ್ಲಿ ರೂಪಿಸಿದ. ಹೆಬ್ಬೆರಳಿನಿಂದ ಗೋಲಿಯನ್ನೊತ್ತಿ 'ಟುಸ್ಸ್' ಎನ್ನಿಸುವ ಸಂತೋಷವನ್ನು ಸಂತೆಗೆ ಹೋದ ಯಾವ ಹುಡುಗನೂ ಮರೆಯಲಾರ. 1886ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಪೆಂಬರ್ಟನ್ ಎಂಬ ಔಷಧಗಾರನು ಕೋಕಾ-ಕೋಲಾವನ್ನು ತಯಾರಿಸಿದ. ಅದು ಸ್ವತಂತ್ರ ಭಾರತಕ್ಕೂ ಬಂದಿತು. 1977ರಲ್ಲಿ ಜನತಾ ಸರಕಾರದ ಕೈಗಾರಿಕಾ ಮಂತ್ರಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವಿದೇಶೀ ವಿನಿಮಯದ ಕಾಯಿದೆಯಂತೆ ಪಾಲು ಬಂಡವಾಳವನ್ನು ಇಳಿಸಬೇಕೆಂದು ಅವರ ಸರಕಾರ ಪಟ್ಟು ಹಿಡಿಯಿತು. ಕಂಪನಿ ಗಂಟುಮೂಟೆ ಕಟ್ಟಿತು. ಅದರ ಜಾಗದಲ್ಲಿ ಸರಕಾರವೇ ಒಂದು ಸ್ವದೇಶೀ ಪಾನೀಯವನ್ನು ಬಜಾರಕ್ಕೆ ತಂದಿತು. ಆ ವರ್ಷದ ನೆನಪಿಗೆ 'ಡಬಲ್ ಸೆವೆನ್' ಎಂದು ಹೆಸರಿಟ್ಟಿತು. ಅದರ ಪಾಕವನ್ನು ಸಿದ್ಧಪಡಿಸಿದ್ದು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ. ಆ ಪಾನೀಯ ಬಹುಕಾಲ ಬಾಳಲಿಲ್ಲ. ಹೋದ ಕಂಪನಿ 1993ರಲ್ಲಿ ಮತ್ತೆ ಬಂದಿತು.

ಈ ಕಥೆಯನ್ನು ಸ್ವಾಭಿಮಾನದ ಕಥೆಯೆಂದು ಹಲವರು ಹೇಳುತ್ತಾರೆ. ಇರಬಹುದು, ದೇಶದ ಹಣ ದೇಶದಲ್ಲಿ ಉಳಿಯಬೇಕೆಂಬ ಆಸೆ ಸಣ್ಣದಲ್ಲ. ಆದರೆ ಅಂದು ಕೇಳಿದ ಪ್ರಶ್ನೆ ಲಾಭ ಯಾರಿಗೆ ಸೇರಬೇಕೆಂಬುದು. ಈ ವಸ್ತು ನಮಗೆ ಬೇಕೇ ಎಂಬುದಲ್ಲ. ಪರದೇಶದ ಸಕ್ಕರೆನೀರು ಹೋಗಿ ಸ್ವದೇಶದ ಸಕ್ಕರೆನೀರು ಬಂದರೆ ಮೇದೋಜೀರಕಕ್ಕೆ ಅದರ ಗುರುತು ಹತ್ತುವುದಿಲ್ಲ. ನಮ್ಮ ಎಷ್ಟೋ ವಾದಗಳು ಹೀಗೆಯೇ: ಮಾರುವವನು ಯಾರೆಂದು ಜಗಳಾಡಿ ದಣಿಯುವೆವು, ಮಾರುವುದು ಏನೆಂದು ಕೇಳಲು ಮರೆಯುವೆವು.

ಇನ್ನು ನೀರಿನ ಮಾತು. ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಇಲ್ಲಿ ಆಳಿದವರು ಕೋಟೆಯಷ್ಟೇ ಶ್ರದ್ಧೆಯಿಂದ ನೀರನ್ನು ಕಟ್ಟಿದರು. ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ಹರಿದು ಬಂತು. 1579ರಲ್ಲಿ ಚಾಂದ ಬಾವಡಿ, 1620ರಲ್ಲಿ ತಾಜ ಬಾವಡಿ, 1651ರಲ್ಲಿ ಬೇಗಂ ತಲಾಬ. ಆ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಪಟ್ಟಣಕ್ಕೆ ಇಳಿಯುತ್ತಿತ್ತು. ದಾರಿಯಲ್ಲಿ ಅದರ ರಭಸವನ್ನು ತಗ್ಗಿಸಲೆಂದೂ ಹೂಳು ತಳಕ್ಕಿಳಿಯಲೆಂದೂ ಕಟ್ಟಿದ ಗಂಜುಗಳೆಂಬ ಗೋಪುರಗಳು ಇಂದಿಗೂ ಓಣಿಗಳ ನಡುವೆ ನಿಂತಿವೆ. ತಾಜ ಬಾವಡಿಯ ಕಮಾನಿನ ಕೆಳಗೆ ನಿಂತಾಗ ನನಗೆ ಅನಿಸುವುದಿಷ್ಟು: ಗೋಳಗುಮ್ಮಟವನ್ನು ಒಬ್ಬ ಅರಸ ತನಗಾಗಿ ಕಟ್ಟಿಸಿಕೊಂಡ, ಬಾವಡಿಯನ್ನು ಕಟ್ಟಿಸಿದ್ದು ಹೆಸರು ಗೊತ್ತಿಲ್ಲದ ಸಾವಿರ ಜನರ ನೀರಡಿಕೆಗಾಗಿ. ಎರಡರಲ್ಲಿ ಯಾವುದು ದೊಡ್ಡ ಕಟ್ಟಡ?

ನಂತರದ ಕಾಲದಲ್ಲಿ ಪಟ್ಟಣದ ಗಂಟಲನ್ನು ತೋಯಿಸಿದ ಕೆರೆಗಳಲ್ಲಿ ಭೂತನಾಳದ ಕೆರೆ ಮುಖ್ಯವಾದದ್ದು. ಈಗ ಕೃಷ್ಣೆಯ ನೀರು ಕೊಲ್ಹಾರದ ಕಡೆಯಿಂದ ಕೊಳವೆಯಲ್ಲಿ ಬರುತ್ತದೆಯಾದರೂ ಭೂತನಾಳವೆಂದರೆ ನಮಗೆ ಕುಡಿಯುವ ನೀರಿನ ಹೆಸರೇ. ಸಂಜೆಯ ಹೊತ್ತು ಅದರ ದಂಡೆಗೆ ಗಾಳಿ ಸೇವನೆಗೆ ಹೋಗುವುದು ನನ್ನ ರೂಢಿ. ರವಿವಾರ ಬಂದರೆ ಅಲ್ಲಿ ಕುಟುಂಬ ಕುಟುಂಬಗಳೇ ಬುತ್ತಿ ಕಟ್ಟಿಕೊಂಡು ಬಂದು ಕೂಡುತ್ತವೆ. ಕಣ್ಣೆದುರಿಗೆ ನೀರು, ಕೈಯಲ್ಲಿ ಬಣ್ಣದ ಬಾಟಲಿ. ಅವರು ಎದ್ದುಹೋದ ಮೇಲೆ ಬಾಟಲಿ ಮಾತ್ರ ಎದ್ದುಹೋಗುವುದಿಲ್ಲ. ಗಾಳಿ ಅದನ್ನು ಉರುಳಿಸಿ ನೀರಿಗೆ ನೂಕುತ್ತದೆ. ಹತ್ತು ನಿಮಿಷದಲ್ಲಿ ಬರಿದಾದ ವಸ್ತು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮಣ್ಣಾಗದೆ ನುಚ್ಚುನುರಿಯಾಗುತ್ತ ಹೋಗಿ, ಕಣ್ಣಿಗೆ ಕಾಣದ ಕಣವಾಗಿ ಅದೇ ನೀರನ್ನು ಸೇರುತ್ತದೆ. ಚಿಂದಿ ಆಯುವ ಬಡವರು ಹೆಕ್ಕಿ ಗುಜರಿಗೆ ಹಾಕಿದಷ್ಟು ಮಾತ್ರ ಮರುಬಳಕೆಗೆ ಹೋಗುತ್ತದೆ. ನಮ್ಮ ಉಪಚಾರದ ಎಂಜಲನ್ನು ಎತ್ತುವ ಪುಣ್ಯವನ್ನೂ ನಾವು ಅವರಿಗೇ ಬಿಟ್ಟಿದ್ದೇವೆ.

ಕಣ್ಣಿಗೆ ಕಾಣುವ ಬಾಟಲಿಗಿಂತ ಕಾಣದ ನೀರಿನ ಲೆಕ್ಕ ದೊಡ್ಡದು. ಅರ್ಧ ಲೀಟರು ಸಿಹಿಪಾನೀಯದ ಹಿಂದೆ, ಸಕ್ಕರೆಯ ಬೆಳೆಗೆ ಬೇಕಾದದ್ದೂ ಸೇರಿ, ಒಟ್ಟು 169ರಿಂದ 309 ಲೀಟರು ನೀರು ಹಿಡಿಯುತ್ತದೆಂದು 2011ರಲ್ಲಿ ಪ್ರಕಟವಾದ ಗಣನೆಯೊಂದು ತೋರಿಸಿತು. ಕೊಡಕ್ಕೆ 15 ಲೀಟರಿನಂತೆ ಎಣಿಸಿದರೆ ಹನ್ನೊಂದರಿಂದ ಇಪ್ಪತ್ತು ಕೊಡ. ತಿಕೋಟಾದ ದ್ರಾಕ್ಷಿಯ ರೈತರು ಬರಗಾಲದಲ್ಲಿ ದುಡ್ಡು ಕೊಟ್ಟು ಟ್ಯಾಂಕರಿನಲ್ಲಿ ನೀರು ತರಿಸಿ ಬಳ್ಳಿಯ ಜೀವ ಹಿಡಿದದ್ದನ್ನು ಕಂಡವರಿಗೆ ಇಪ್ಪತ್ತು ಕೊಡವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನೆರೆಯ ಕೇರಳದ ಪಾಲಕ್ಕಾಡ ಜಿಲ್ಲೆಯ ಪ್ಲಾಚಿಮಡ ಈ ಪ್ರಶ್ನೆಯನ್ನು ನ್ಯಾಯಾಲಯದವರೆಗೆ ಒಯ್ಯಿತು. ಅಲ್ಲಿ 2000ದಲ್ಲಿ ಕೋಕಾ-ಕೋಲಾದ ಕಾರಖಾನೆ ಆರಂಭವಾಯಿತು. ಬಾವಿಗಳು ಬತ್ತಿದವು, ಉಳಿದ ನೀರು ಕೆಟ್ಟಿತು ಎಂದು ಸುತ್ತಲಿನ ಆದಿವಾಸಿ ಜನ 2002ರ ಏಪ್ರಿಲಿನಿಂದ ಕಾರಖಾನೆಯೆದುರು ಧರಣಿ ಕುಳಿತರು. ಕಂಪನಿ ಆ ಆಪಾದನೆಯನ್ನು ಒಪ್ಪಲಿಲ್ಲ. 2004ರ ಮಾರ್ಚಿನಲ್ಲಿ ಕಾರಖಾನೆ ನಿಂತಿತು. ನೆಲದಡಿಯ ನೀರು ಸಮಸ್ತರ ಸ್ವತ್ತು, ಸರಕಾರ ಅದರ ಧರ್ಮದರ್ಶಿ ಮಾತ್ರ ಎಂದು 2003ರಲ್ಲಿ ಹೈಕೋರ್ಟಿನ ಒಬ್ಬ ನ್ಯಾಯಾಧೀಶರು ತೀರ್ಪು ಕೊಟ್ಟರು. 2005ರಲ್ಲಿ ಅದೇ ಹೈಕೋರ್ಟಿನ ಇಬ್ಬರು ನ್ಯಾಯಾಧೀಶರ ಪೀಠ ಭೂಮಿಯ ಒಡೆಯನಿಗೂ ಹಕ್ಕುಂಟೆಂದು ಬೇರೆಯಾಗಿ ಹೇಳಿತು. ಕೇರಳ ಸರಕಾರ ನೇಮಿಸಿದ ಸಮಿತಿ 2010ರಲ್ಲಿ ಹಾನಿಯನ್ನು 216 ಕೋಟಿ ರೂಪಾಯಿಯೆಂದು ಅಂದಾಜು ಮಾಡಿತು. ಕಾಯಿದೆಯ ಮಾತು ಹೀಗೆ ಎರಡಾಗಬಹುದು. ಆದರೆ ಗೇಟಿನ ಒಳಗಿನವನಿಗೆ ನೀರು ಒಂದು ಕಚ್ಚಾ ಮಾಲು, ಹೊರಗಿನವಳಿಗೆ ಅದು ಇಂದಿನ ಅಡಿಗೆ. ಇಬ್ಬರಲ್ಲಿ ಮೊದಲು ಕೈಯೊಡ್ಡುವ ಅಧಿಕಾರ ಯಾರದೆಂದು ತಿಳಿಯಲು ಕಾಯಿದೆಯ ಪುಸ್ತಕ ಬೇಕೇ?

ಇಷ್ಟೆಲ್ಲ ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕು, ಅದರಲ್ಲಿ ಹುರುಳಿಲ್ಲದಿಲ್ಲ.

ನನ್ನ ದುಡ್ಡು, ನನ್ನ ಬಾಯಿ. ನಡುವೆ ನೀವು ಯಾರು? ಇದು ಮೊದಲನೆಯ ಮಾತು. ಬುದ್ಧಿ ಬಲಿತ ಮನುಷ್ಯ ತನ್ನ ಮೈಗೆ ತಾನೇ ಕೇಡು ತಂದುಕೊಳ್ಳಹೊರಟರೆ ತಡೆಯಲು ನಾನೂ ಹಿಂಜರಿಯುವೆನು. ಪರರನ್ನು ಬಲವಂತದಿಂದ ಒಳ್ಳೆಯವರನ್ನಾಗಿ ಮಾಡುವ ಉತ್ಸಾಹ ಅನೇಕ ಕ್ರೌರ್ಯಗಳಿಗೆ ತಾಯಿ. ಆದರೆ ಆಯ್ಕೆ ಎಂಬುದಕ್ಕೆ ಎರಡು ವಸ್ತುಗಳಾದರೂ ಎದುರಿಗಿರಬೇಕು. ಆ ಮದುವೆಯ ಹಂದರದಲ್ಲಿ ಮುದುಕಿಗೆ ಆಯ್ಕೆ ಎಲ್ಲಿತ್ತು? ಬಾಟಲಿ ತುಂಬಿದ ತೊಟ್ಟಿ ಎದುರಿಗೇ ಇತ್ತು. ನೀರಿನ ಪೀಪಾಯಿ ಅಡಿಗೆಯ ಮನೆಯ ಹಿಂದೆ ಎಲ್ಲಿಯೋ ಇತ್ತು, ಅದರ ಹತ್ತಿರ ಒಂದು ಲೋಟವೂ ಇರಲಿಲ್ಲ. ನಾಲ್ಕು ವರ್ಷದ ಕೂಸಿಗೆ ಯಾವ ಆಯ್ಕೆ? ಆಡುವವರೂ ನಟಿಸುವವರೂ ಬಾಟಲಿ ಹಿಡಿದು ನಗುವ ಚಿತ್ರವನ್ನು ಅದು ಅಕ್ಷರ ಕಲಿಯುವ ಮೊದಲೇ ಕಲಿತಿರುತ್ತದೆ. ಆಸೆಯನ್ನು ಒಬ್ಬನು ಬಿತ್ತಿ, ಫಲಕ್ಕೆ ಇನ್ನೊಬ್ಬನನ್ನು ಹೊಣೆಮಾಡುವುದು ನ್ಯಾಯವಲ್ಲ.

ಎರಡನೆಯ ಮಾತು ಇನ್ನೂ ಗಟ್ಟಿಯಾದದ್ದು. ಬೆಲ್ಲವೂ ಸಕ್ಕರೆಯ ಅಣ್ಣನೇ ಅಲ್ಲವೆ? ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಟ್ಟವರು ನಾವೇ. ರಾಮನವಮಿಗೆ ಪಾನಕ ಹಂಚಿದವರು ನಾವೇ. ಕಬ್ಬಿನ ಹಾಲು, ಲಿಂಬಿ ಶರಬತ್ತು ಏನು ಕಹಿಯೇ? ನಿಜ. ಬೆಲ್ಲಕ್ಕೆ ದೇವತ್ವವನ್ನೂ ಬಾಟಲಿಗೆ ರಾಕ್ಷಸತ್ವವನ್ನೂ ಹೊರಿಸಿದರೆ ಅದು ವಿಚಾರವಾಗದು. ಪಾನಕವನ್ನು ನಿತ್ಯವೂ ಎರಡು ಹೊತ್ತು ಕುಡಿದರೆ ಅದೂ ಮಧುಮೇಹವನ್ನೇ ತರುತ್ತದೆ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ ಮತ್ತು ಪ್ರಸಂಗದಲ್ಲಿ. ಬೆಲ್ಲ-ನೀರಿನಲ್ಲಿ ಬೆಲ್ಲ ಒಂದು ಚೂರು, ನೀರು ಒಂದು ತಂಬಿಗೆ; ಬೆಲ್ಲವನ್ನು ಕಚ್ಚಿದವನು ನೀರನ್ನೇ ಕುಡಿಯುತ್ತಿದ್ದ, ನೀರಡಿಕೆ ನೀರಿನಿಂದಲೇ ತೀರುತ್ತಿತ್ತು. ಪಾನಕಕ್ಕೆ ವರ್ಷಕ್ಕೊಂದು ರಾಮನವಮಿ. ಬಾಟಲಿಗೆ ದಿನವೂ ರಾಮನವಮಿ. ಹಬ್ಬದ ವಸ್ತುವನ್ನು ನಿತ್ಯದ ವಸ್ತುವಾಗಿ ಮಾಡಿದರೆ ಹಬ್ಬವೂ ಕೆಡುತ್ತದೆ, ನಿತ್ಯವೂ ಕೆಡುತ್ತದೆ. ಸಿಹಿಯನ್ನು ಕಾಪಾಡುವುದು ಅಪರೂಪತೆ.

ಮೂರನೆಯ ಮಾತಿಗೆ ನಾನು ತಲೆಬಾಗುತ್ತೇನೆ. ಊರಿನ ನೀರನ್ನು ನಂಬಿ ಹೇಗೆ ಕುಡಿಯುವುದು? ಬಸ್ಸಿನ ನಿಲ್ದಾಣದ ನಲ್ಲಿಯಲ್ಲಿ ನೀರಿಲ್ಲ. ಇದ್ದರೆ ಅದರ ಸುತ್ತ ಕೆಸರು. ಪರಸ್ಥಳದಲ್ಲಿ ಹೊಟ್ಟೆ ಕೆಡುವ ಅಂಜಿಕೆ. ಸೀಲು ಒಡೆಯದ ಬಾಟಲಿ ಎಷ್ಟೋ ವಾಸಿಯೆಂದು ಜನ ತಿಳಿಯುವುದು ಮೂರ್ಖತನವಲ್ಲ. ಆ ನಂಬಿಕೆಗೂ ಒಮ್ಮೆ ಪೆಟ್ಟು ಬಿದ್ದದ್ದುಂಟು: ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 2003ರಲ್ಲಿ ಹನ್ನೆರಡು ಪಾನೀಯಗಳನ್ನು ಪರೀಕ್ಷಿಸಿ ಕೀಟನಾಶಕಗಳ ಅಂಶವಿದೆಯೆಂದರು, ಶರದ್ ಪವಾರರ ಅಧ್ಯಕ್ಷತೆಯ ಸಂಸತ್ತಿನ ಸಮಿತಿ 2004ರಲ್ಲಿ ಆ ಮಾತನ್ನು ಎತ್ತಿಹಿಡಿಯಿತು. ಕೀಟನಾಶಕ ಆಕಾಶದಿಂದ ಬಾಟಲಿಗೆ ಇಳಿದದ್ದಲ್ಲ. ಹೊಲಕ್ಕೆ ಹೊಡೆದದ್ದು ನೆಲಕ್ಕೆ ಇಳಿದು, ನೆಲದ ನೀರಿನೊಡನೆ ಮೇಲೆದ್ದು ಬರುತ್ತದೆ. ಊರಿನ ನೀರನ್ನು ಕೆಡಿಸಿಕೊಂಡು ಬಾಟಲಿಯಲ್ಲಿ ತಲೆಮರೆಸಿಕೊಳ್ಳಲು ಬರುವುದಿಲ್ಲವೆಂಬ ಪಾಠ ಅದರಲ್ಲಿತ್ತು. ಇರಲಿ, ಆಕ್ಷೇಪ ಮಾತ್ರ ಹಾಗೆಯೇ ನಿಲ್ಲುತ್ತದೆ. ಕುಡಿಯಬೇಡಿರೆಂದು ಉಪದೇಶಿಸುವವನು ಕುಡಿಯಲು ಶುದ್ಧವಾದ ನೀರನ್ನು ತೋರಿಸಬೇಕು. ಇಲ್ಲದಿದ್ದರೆ ಅವನ ಮಾತು ಬರಿಯ ಗಾಳಿ. ನಲ್ಲಿಯ ನೀರು ನಂಬಿಕೆಗೆ ಯೋಗ್ಯವಾಗಿದ್ದ ಊರಿನಲ್ಲಿ ಬಾಟಲಿ ಬರಿಯ ಚಪಲವಾದೀತು. ಇಲ್ಲದ ಊರಿನಲ್ಲಿ ಅದು ಆಸರೆಯಾಗಿಬಿಡುತ್ತದೆ. ಅರಸರು ಬಾವಡಿ ಕಟ್ಟಿಸಿದ ಪಟ್ಟಣದಲ್ಲಿ ಪ್ರಜೆಗಳೇ ಅರಸರಾದ ಕಾಲಕ್ಕೆ ಬಸ್ಸಿನ ನಿಲ್ದಾಣದಲ್ಲಿ ಒಂದು ಲೋಟ ನಿರ್ಮಲವಾದ ನೀರು ಸಿಗದಿದ್ದರೆ ನಾಚಿಕೆಪಡಬೇಕಾದವರು ಬಾಟಲಿ ಮಾರುವವರೊಬ್ಬರೇ ಅಲ್ಲ.

ಇದಕ್ಕೆಲ್ಲ ಸುಂಕವೇ ಮದ್ದೆಂದು ಕೆಲವರ ಅಭಿಪ್ರಾಯ. ಮೆಕ್ಸಿಕೋ ದೇಶದಲ್ಲಿ 2014ರಿಂದ ಸಿಹಿಪಾನೀಯಕ್ಕೆ ಲೀಟರಿಗೊಂದು ಪೆಸೋದಂತೆ ತೆರಿಗೆ ಹಾಕಿದಾಗ ಮಾರಾಟ ಇಳಿದದ್ದು ಕಂಡುಬಂದಿತು. ನಮ್ಮಲ್ಲಿಯೂ 2025ರ ಸೆಪ್ಟೆಂಬರ್ 22ರಿಂದ ಇಂಥ ಬುರುಗು ಪಾನೀಯಗಳ ಮೇಲಿನ ತೆರಿಗೆ ಶೇಕಡಾ 40 ಎಂದಾಗಿದೆ. ಮೊದಲು ತೆರಿಗೆ ಮತ್ತು ಮೇಲ್ತೆರಿಗೆ ಕೂಡಿದರೂ ಅಷ್ಟೇ ಆಗುತ್ತಿತ್ತು. ಸುಂಕ ಇರಲಿ, ಅದು ಕೆಲಸವನ್ನೂ ಮಾಡಲಿ. ಆದರೆ ಮದುವೆಯ ಹಂದರದಲ್ಲಿ ಸುಂಕದ ಲೆಕ್ಕ ನಡೆಯುವುದಿಲ್ಲ. ಅಲ್ಲಿ ನಡೆಯುವುದು ಮಾನದ ಲೆಕ್ಕ. ಬೀಗರ ಮುಂದೆ ಹರವಿಯ ನೀರಿಟ್ಟರೆ ಬಡತನ, ಬಾಟಲಿಯಿಟ್ಟರೆ ದೊಡ್ಡಸ್ತಿಕೆ ಎಂದು ನಾವು ನಂಬಿರುವವರೆಗೆ ಬೆಲೆ ಏರಿದಷ್ಟೂ ಬಾಟಲಿಯ ಘನತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆ ಹುಡುಗ "ನೀರಿನಕಿಂತ ಛಲೋ" ಎಂದನಲ್ಲ, ಆ ಮಾತನ್ನು ಅವನಿಗೆ ಕಲಿಸಿದವರು ಜಾಹೀರಾತಿನವರು ಮಾತ್ರವಲ್ಲ. ಅತಿಥಿಗೆ ಬರಿಯ ನೀರು ಕೊಡಲು ನಾಚಿದ ನಾವೆಲ್ಲರೂ.

ಯಯಾತಿಯ ಕಥೆ ಯಾರಿಗೆ ಗೊತ್ತಿಲ್ಲ? ತನ್ನ ಆಸೆ ತೀರಲಿಲ್ಲವೆಂದು ಮಗನ ಯೌವನವನ್ನು ಕಡ ತೆಗೆದುಕೊಂಡ ಅರಸ ಅವನು. ಬಹುಕಾಲ ಭೋಗಿಸಿದ ಮೇಲೆ, ಭೋಗದಿಂದ ಆಸೆ ತೀರುವುದಿಲ್ಲವೆಂದು ಕಂಡುಕೊಂಡು ಯೌವನವನ್ನು ಮಗನಿಗೆ ಮರಳಿಸಿದ. ಅವನ ಕಾಲದ ಸಾಲಕ್ಕೆ ಮರುಪಾವತಿಯಾದರೂ ಇತ್ತು. ನಾವು ಮಕ್ಕಳ ಪಾಲಿನ ನೆಲದಡಿಯ ನೀರನ್ನೂ ಅವರ ಹಲ್ಲು ಹೊಟ್ಟೆಗಳ ಸ್ವಾಸ್ಥ್ಯವನ್ನೂ ಕಡ ತೆಗೆದುಕೊಂಡು ಅವರಿಗೇ ಬಣ್ಣದ ಬಾಟಲಿಯಲ್ಲಿ ತುಂಬಿ, ಮುಚ್ಚಳ ತಿರುವಿ, ಪ್ರೀತಿಯಿಂದ ಕೊಡುತ್ತಿದ್ದೇವೆ. ಮರಳಿ ಕೊಡುವ ವಿದ್ಯೆ ನಮಗೆ ಗೊತ್ತಿಲ್ಲ.

ಹಾಗಾದರೆ ಬಾಟಲಿಯನ್ನು ಒಡೆದುಹಾಕಿ ವ್ರತ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಹುಡುಗನೊಬ್ಬ ಗೋಲಿ ಸೋಡಾ ಕುಡಿದರೆ ಭೂಮಿ ಬಾಯಿಬಿಡುವುದಿಲ್ಲ. ಬಾಟಲಿ ಮಾರಿಯೇ ಮನೆ ನಡೆಸುವ ಸಣ್ಣ ಅಂಗಡಿಕಾರನ ಅನ್ನದ ಮೇಲೆ ನನಗೆ ಕಣ್ಣಿಲ್ಲ; ಅವನ ಅಂಗಡಿಯಲ್ಲಿಯೇ ಇಂಡಿಯ ಲಿಂಬಿ ಹಿಂಡಿ, ಉಪ್ಪು ಜೀರಿಗೆ ಬೆರೆಸಿದ ಮಜ್ಜಿಗೆ ಕಡೆದು ಮಾರಿದರೆ ಕೊಳ್ಳುವವರು ನಾವಾಗಬೇಕಷ್ಟೆ. ನಾನು ಕೇಳುವುದು ಒಂದು ಕ್ರಮವನ್ನು ಮಾತ್ರ. ನೀರು ಮೊದಲು, ಉಳಿದದ್ದು ಆಮೇಲೆ. ಮದುವೆಯಿರಲಿ, ಮುಂಜಿವೆಯಿರಲಿ, ಸಭೆಯಿರಲಿ, ಬಂದವರ ಕೈಗೆ ಮೊದಲು ಸಿಗಬೇಕಾದದ್ದು ತಣ್ಣಗಿನ, ನಿರ್ಮಲವಾದ ನೀರು. ಸಿಹಿ ಬೇಕೆಂದವರು ಆಮೇಲೆ ಕೇಳಿ ತೆಗೆದುಕೊಳ್ಳಲಿ. ಈ ಒಂದು ಕ್ರಮವನ್ನು ಹಿಡಿದರೆ ಬಾಟಲಿಗಳ ಸಂಖ್ಯೆ ಎಷ್ಟೋ ತಗ್ಗೀತು. ಏಕೆಂದರೆ ನೀರಡಿಕೆ ತೀರಿದವನಲ್ಲಿ ಉಳಿಯುವುದು ತೃಷ್ಣೆಯೊಂದೇ, ಮತ್ತು ತನ್ನ ತೃಷ್ಣೆಯನ್ನು ತೃಷ್ಣೆಯೆಂದು ಗುರುತಿಸಿದ ಮನುಷ್ಯ ಅದಕ್ಕೆ ಅಷ್ಟು ಸುಲಭವಾಗಿ ಸೋಲುವುದಿಲ್ಲ. ನೀರಡಿಕೆಯ ವೇಷ ಹಾಕಿ ಬಂದಾಗ ಮಾತ್ರ ಅದು ನಮ್ಮನ್ನು ಗೆಲ್ಲುತ್ತದೆ.

ದಾನಗಳಲ್ಲಿ ನೀರಿನ ದಾನಕ್ಕೆ ಒಂದು ವಿಶೇಷವುಂಟು. ಅದನ್ನು ಕೊಟ್ಟವನಿಗೆ ಬಡಿವಾರ ಕೊಚ್ಚಲು ಬರುವುದಿಲ್ಲ, ತೆಗೆದುಕೊಂಡವನಿಗೆ ಋಣದ ಭಾರವಾಗುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ಹೆಸರಿಲ್ಲ, ಅದರ ಮೇಲೆ ಯಾರ ಮುದ್ರೆಯೂ ಇಲ್ಲ. ಬಂದವರಿಗೆ ಕೊಡಲು ಇದು ಬಹಳ ಸಣ್ಣದಾಯಿತಲ್ಲ ಎಂದು ನಮಗೆ ಅನಿಸುವ ಹೊತ್ತಿನಲ್ಲಿ, ಕೇಳಿದವರು ಕೇಳಿದ್ದು ಏನೆಂಬುದನ್ನು ಇನ್ನೊಮ್ಮೆ ಕಿವಿಗೊಟ್ಟು ಕೇಳಬೇಕು. ಅವರು ಕೇಳಿದ್ದು ನೀರು.